ಬಸುರಿಯ ಗಂಡನ ಗಡ್ಡ

ಹೆಂಡತಿ ಬಸುರಿಯಾದರೆ ಗಂಡ ಕ್ಷೌರ ಮಾಡಿಸಿಕೊಳ್ಳಬಾರದು ಎಂಬುದು ಸತ್ಯಾತ್ಮನ ಮನೆತನದ ಪದ್ಧತಿ. ಅವನ ಅಪ್ಪ ಹಾಗೆ ಗಡ್ಡ ಬಿಟ್ಟಿದ್ದರು, ಅಜ್ಜನೂ ಬಿಟ್ಟಿದ್ದರಂತೆ. ಹೆಂಡತಿ ಶ್ರೀಕೃತಿಗೆ ಐದು ತಿಂಗಳು ತುಂಬುತ್ತಲೇ ತಾಯಿ ಗಂಗಾಬಾಯಿ, "ಸತ್ಯಾ, ಇನ್ನ ಕೂಸು ಬರೋತನಕ ಸಲೂನಿನ ಕಡೆ ಹೋಗಬ್ಯಾಡ ನೋಡು" ಎಂದರು. ಅವನು ನಕ್ಕು ಒಪ್ಪಿಕೊಂಡ.

ಒಪ್ಪಿಕೊಂಡ ಸಂಗತಿಯನ್ನು ಬಳ್ಳಾರಿಯ ತಮ್ಮ ಓಣಿಯ ತುದಿಯ ಕ್ಷೌರದಂಗಡಿಯ ಎರ್ರಿಸ್ವಾಮಿಗೂ ಹೇಳಿ ಬಂದ. ಹೇಳಲೇಬೇಕಿತ್ತು. ಮೀಸೆ ಚಿಗುರಿದ ಕಾಲದಿಂದ ಅವನ ಮುಖಕ್ಕೆ ಎರ್ರಿಸ್ವಾಮಿಯ ಕೈ ಬಿಟ್ಟು ಬೇರೆ ಕೈ ತಾಗಿರಲಿಲ್ಲ. ಸ್ವತಃ ತನ್ನ ಕೈಯೂ ತಾಗಿರಲಿಲ್ಲ. ಎರ್ರಿಸ್ವಾಮಿಗೆ ತನ್ನ ಮನೆಯಲ್ಲೇ ತೊಟ್ಟಿಲು ಕಟ್ಟುವಷ್ಟು ಸಂತೋಷವಾಯಿತು. "ಬೆಳಸ್ರಿ ಸ್ವಾಮಿ, ಎದಿಮಟ ಬೆಳಸ್ರಿ. ಕೂಸು ಬಂದ ಮ್ಯಾಲೆ ನಾನಾ ತೆಗೀತೀನಿ. ಬರೋವಾಗ ಪೇಡೆ ಮರೀಬ್ಯಾಡ್ರಿ ಮತ್ತ!" ಎಂದ.

ಆಗ ಬಳ್ಳಾರಿ ಸೀಮೆಯ ಗುಡ್ಡಗಳು ಲಾರಿ ಹತ್ತಿ ಸಮುದ್ರ ದಾಟುತ್ತಿದ್ದ ಕಾಲ. ಸತ್ಯಾತ್ಮ ಕುಡತಿನಿ ಹತ್ತಿರದ ಒಂದು ವೇಬ್ರಿಡ್ಜಿನಲ್ಲಿ ಅದಿರು ಲಾರಿಗಳ ತೂಕ ಬರೆಯುವ ಕೆಲಸದಲ್ಲಿದ್ದ. ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಹೋದರೆ ಸಂಜೆ ಅದು ಕಾವಿಯಾಗಿ ಮನೆಗೆ ಬರುತ್ತಿತ್ತು. ಗಡ್ಡ ಬೆಳೆದಂತೆ ಧೂಳು ಅದರಲ್ಲೂ ಮನೆ ಮಾಡಿತು. ಸೀಮಂತ ಮುಗಿಸಿಕೊಂಡು ಸಿರುಗುಪ್ಪದ ತವರಿಗೆ ಹೋದ ಶ್ರೀಕೃತಿ ದಿನಾ ಸಂಜೆ ಫೋನು ಮಾಡಿ ಮೊದಲು ಕೇಳುತ್ತಿದ್ದದ್ದೇ ಅದನ್ನು.

"ಎಲ್ಲೀತನಕ ಬಂತ್ರೀ?"

"ಅಂಗಿ ಗುಂಡಿಗೆ ಹತ್ತೇದ."

"ಅಯ್ಯ, ಕೂಸು ನಿಮ್ಮನ್ನ ನೋಡಿದ ಕೂಡ್ಲೆ ಚಿಟ್ಟನ ಚೀರ್ತದ ನೋಡ್ರಿ. ನಾನೇನೂ ಸಮಾಧಾನ ಮಾಡಂಗಿಲ್ಲ."

ಹೀಗೆ ನಗುನಗುತ್ತ ಮಾತಾಡಿ ಫೋನಿಟ್ಟ ಮೇಲೆ ಸತ್ಯಾತ್ಮ ಗಡ್ಡದೊಳಗೆ ಬೆರಳಾಡಿಸುತ್ತ ಮಾಳಿಗೆಯ ಮೇಲೆ ಅಡ್ಡಾಡುತ್ತಿದ್ದ. ಹೆಂಡತಿ ಊರಲ್ಲಿಲ್ಲದ ಮನೆ ಉಪ್ಪಿಲ್ಲದ ಸಾರಿನಂತಿತ್ತು. ಆದರೂ ಆ ದಿನಗಳಲ್ಲಿ ಕಾಯುವುದರಲ್ಲಿ ಒಂದು ಸುಖವಿತ್ತು.

ದಿನ ತುಂಬುವುದಕ್ಕೆ ಇನ್ನೂ ಸಾಕಷ್ಟು ಅವಧಿ ಇರುವಾಗಲೇ ಒಂದು ಮುಂಜಾನೆ ಮಾವ ರಾಘಣ್ಣ ಫೋನು ಮಾಡಿದರು. ಶ್ರೀಕೃತಿಗೆ ನೋವು ಕಾಣಿಸಿಕೊಂಡಿದೆ, ಆಸ್ಪತ್ರೆಗೆ ಹೊರಟಿದ್ದೇವೆ, ಕೂಡಲೇ ಬರ್ರಿ ಎಂದರು. ಆಗಷ್ಟೇ ವೇಬ್ರಿಡ್ಜಿಗೆ ಬಂದಿದ್ದ ಸತ್ಯಾತ್ಮ ಇದ್ದ ಹಾಗೆಯೇ ರಸ್ತೆಗೆ ಓಡಿದ. ಅಲ್ಲಿ ಎರಡು ಲಾರಿ ಮುಖಾಮುಖಿ ಸಿಕ್ಕಿಕೊಂಡು ಕುಡತಿನಿಯಿಂದ ಬಳ್ಳಾರಿಯ ಕಡೆಗೆ ಕಣ್ಣು ಹರಿಯುವ ತನಕ ಲಾರಿಗಳ ಸಾಲು ನಿಂತಿತ್ತು. ಬಸ್ಸಿಲ್ಲ, ಆಟೋ ಇಲ್ಲ, ಬೈಕು ತೂರುವುದಕ್ಕೂ ಸಂದಿಲ್ಲ. ಅವನು ಲಾರಿಗಳ ಪಕ್ಕದಲ್ಲೇ ಧೂಳು ತುಳಿಯುತ್ತ ನಡೆದ, ಓಡಿದ, ಮತ್ತೆ ನಡೆದ. ಬಳ್ಳಾರಿ ಸೇರಿ, ಬಸ್ಸು ಹಿಡಿದು, ಸಿರುಗುಪ್ಪ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು.

ಗಂಡುಕೂಸು. ಹುಟ್ಟುವ ಮೊದಲೇ ಉಸಿರು ನಿಂತಿತ್ತು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು ಎಂದು ಹಿರಿಯರು ಹೇಳಿದ್ದಕ್ಕೆ ರಾಘಣ್ಣ ಅದನ್ನು ಬಿಳಿ ಪಂಚೆಯಲ್ಲಿ ಸುತ್ತಿಕೊಂಡು ಕೆಂಚನಗುಡ್ಡದ ಹೊಳೆಯ ಕಡೆ ಹೋಗಿ, ಕೆಲಸ ಮುಗಿಸಿ, ತಲೆಮೇಲೆ ನೀರು ಹಾಕಿಕೊಂಡು ಬಂದಿದ್ದರು. ಸತ್ಯಾತ್ಮ ಮಗನ ಮುಖ ನೋಡಲಿಲ್ಲ.

ಅವನು ಆಸ್ಪತ್ರೆಯ ಕೋಣೆಗೆ ಹೋದಾಗ ಶ್ರೀಕೃತಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. "ಈಗ ಬಂದ್ರಾ?" ಎಂದಳು. ಅಷ್ಟೇ. ಆಮೇಲೆ ಅವಳು ಗಂಡನ ಜೊತೆ ಒಂದು ಮಾತೂ ಆಡಲಿಲ್ಲ.

ಬಿಡುವು ಸಿಕ್ಕಾಗಲೆಲ್ಲ ಸತ್ಯಾತ್ಮ ಸಿರುಗುಪ್ಪಕ್ಕೆ ಹೋದ. ಅವಳು ಒಳಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಮಾವನ ಜೊತೆ ಕಟ್ಟೆಯ ಮೇಲೆ ಕೂತು, ಮಳೆಯ ಮಾತು ಕಾಲುವೆಯ ಮಾತು ಆಡಿ, ಊಟ ಮಾಡಿ, ತಿರುಗಿ ಬರುತ್ತಿದ್ದ. ಸಂಜೆಯ ಹೊತ್ತು ಫೋನು ಕೈಯಲ್ಲಿ ಹಿಡಿದು ಕೂರುವ ರೂಢಿ ಮಾತ್ರ ತಪ್ಪಲಿಲ್ಲ. ತಾನೇ ಮಾಡಿದರೆ ರಾಘಣ್ಣ ಎತ್ತಿ, "ಮಲಗ್ಯಾಳ್ರಿ, ಎಬ್ಬಸ್ಲೇನು?" ಎನ್ನುವರು. "ಬ್ಯಾಡ ಮಾವ, ಮಲಗಲಿ" ಎನ್ನುವನು. ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡ ಆ ಹಗಲನ್ನು ಅವಳು ಎಂದೂ ಕ್ಷಮಿಸಲಾರಳು ಎಂದು ಅವನು ತನ್ನೊಳಗೆ ತೀರ್ಮಾನಿಸಿಕೊಂಡ.

ಸೂತಕ ಕಳೆದ ಮೇಲೆ ಗಂಗಾಬಾಯಿ ಅಂಜುತ್ತಂಜುತ್ತಲೇ ಮಾತು ತೆಗೆದರು. "ಇನ್ನ ಅದನ್ನ ತೆಗೆಸಿಬಿಡಪ್ಪ. ನನಗ ನೋಡಲಿಕ್ಕೆ ಆಗವಲ್ದು."

ತೆಗೆಸಬೇಕು ನಿಜ. ಆದರೆ ಎರ್ರಿಸ್ವಾಮಿಯ ಅಂಗಡಿಯ ಮುಂದೆ ಹಾಯಲು ಅವನಿಗೆ ಕಾಲೇ ಬರುತ್ತಿರಲಿಲ್ಲ. ಸುತ್ತಿ ಹಿಂದಿನ ಓಣಿಯಿಂದ ಓಡಾಡುತ್ತಿದ್ದ. ಒಮ್ಮೆ ಬೇರೆ ಸಲೂನಿಗೆ ಹೋದ. ಅಲ್ಲಿಯವನು ಬಟ್ಟೆ ಹೊದಿಸುತ್ತ, "ಏನ್ರಿ, ಹರಕಿ ಗಡ್ಡ ಏನು? ಹರಕಿ ಮುಟ್ಟಿತಾ?" ಎಂದು ಸಹಜವಾಗಿ ಕೇಳಿದ. ಸತ್ಯಾತ್ಮ ಬಟ್ಟೆ ಕಿತ್ತಿಟ್ಟು ಎದ್ದು ಬಂದ. ಇನ್ನೊಂದು ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಮಗನಿಗಾಗಿ ತಾನು ಮಾಡಿದ್ದು, ಮಗನದೆಂದು ತನ್ನ ಬಳಿ ಉಳಿದದ್ದು, ಈ ಗಡ್ಡ ಒಂದೇ. ಅದನ್ನು ಇನ್ನೊಬ್ಬರ ಕಾಲ ಕೆಳಗೆ ಉದುರಿಸಿ, ಕಸಬರಿಗೆಯಲ್ಲಿ ಗುಡಿಸಲು ಬಿಟ್ಟು ಬರುವ ಮನಸ್ಸಿರಲಿಲ್ಲ.

ಕೊನೆಗೆ ಕೌಲ್ ಬಜಾರಿನ ಒಂದು ಅಂಗಡಿಯಲ್ಲಿ ಬ್ಲೇಡು ಹಾಕುವ ಹಳೆಯ ನಮೂನೆಯ ಉಕ್ಕಿನ ರೇಜರು, ಬ್ರಶ್ಶು, ಸಾಬೂನು ಕೊಂಡು ತಂದ. ಬಚ್ಚಲಿನಲ್ಲಿ ಕತ್ತರಿಯಿಂದ ಉದ್ದನೆಯ ಕೂದಲು ಕತ್ತರಿಸಿ, ಕಾಗದದಲ್ಲಿ ಕಟ್ಟಿಟ್ಟ. ಆಮೇಲೆ ರೇಜರು ಹಿಡಿದು, ಸೌತೆಕಾಯಿ ಹೆರೆಯುವ ಹಾಗೆ ಒತ್ತಿ ಎಳೆದ. ಉರಿ ಹತ್ತುವ ಮೊದಲೇ ನೆತ್ತರು ಕಂಡಿತು. ಕೆನ್ನೆ, ದವಡೆಯಂಚು, ಕಿವಿಯ ಕೆಳಗೆ. ಅರ್ಧಕ್ಕೇ ಬಿಟ್ಟು ಹೊರಗೆ ಬಂದವನನ್ನು ಕಂಡು ಗಂಗಾಬಾಯಿ ಅರಿಶಿನದ ಡಬ್ಬಿ ಹುಡುಕಲು ಓಡಿದರು.

ಮರುದಿನ ಮುಖಕ್ಕೆ ಟವೆಲು ಸುತ್ತಿಕೊಂಡು ವೇಬ್ರಿಡ್ಜಿಗೆ ಹೋದ. ಅಲ್ಲಿ ಅವನ ಜೊತೆಗಾರ ಇಮಾಮಹುಸೇನ್, ಕುರುಗೋಡಿನವನು, ಬಾಯಿ ತುಂಬ ಮಾತಿನವನು. ಟವೆಲು ಸರಿದದ್ದೇ, "ಆಚಾರ್ರೆ, ಇಲಿ ಏನಾರ ಕಡದಾವೇನ್ರಿ?" ಎಂದ. ಎಂದವನು ಗೆಳೆಯನ ಕಣ್ಣು ನೋಡಿ ನಗುವನ್ನು ಅಲ್ಲಿಯೇ ನಿಲ್ಲಿಸಿದ. ಒಂದು ಲಾರಿಯ ತೂಕ ಬರೆದುಕೊಂಡು ಹೇಳಿದ: "ರಜಾ ದಿನ ನಮ್ಮ ಮನಿಗೆ ಬರ್ರಿ. ನಾನೂ ರೇಜರಿನಾಗ ಮಾಡ್ಕಂತೀನಿ. ತೋರಸ್ತೀನಿ. ಅಲ್ಲಿಂದ ಹಂಗಾ ಸಿರುಗುಪ್ಪದ ಬಸ್ಸು ಹತ್ತೀರಂತ."

ಕುರುಗೋಡಿನ ಬೆಟ್ಟದ ಬಂಡೆಗಳಿಗೆ ಎಳೆಬಿಸಿಲು ಬೀಳುವ ಹೊತ್ತಿಗೆ ಸತ್ಯಾತ್ಮ ಅಲ್ಲಿದ್ದ. ಇಮಾಮಹುಸೇನ್ ಅಂಗಳದ ಬೇವಿನ ಮರಕ್ಕೆ ಕನ್ನಡಿ ತೂಗುಹಾಕಿ, ಬಿಸಿನೀರು ತಂದಿಟ್ಟ. ನೀರಲ್ಲದ್ದಿದ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಳ್ಳಲು ಹೇಳಿದ. "ಅವಸರ ಬ್ಯಾಡ. ಕೂದ್ಲು ಮೆತ್ತಗಾಗಬೇಕು." ಬ್ರಶ್ಶಿನಿಂದ ಅಂಗೈಯಲ್ಲಿ ನೊರೆ ಎಬ್ಬಿಸಿ ತೋರಿಸಿದ. ಬ್ಲೇಡನ್ನು ಹರಿತವಿಲ್ಲದ ಎರಡು ತುದಿಯಲ್ಲಿ ಹಿಡಿದು ರೇಜರಿನೊಳಗೆ ಕೂರಿಸಿ, ಹಿಡಿ ತಿರುಗಿಸಿ ಬಿಗಿ ಮಾಡಿ ಅವನ ಕೈಗೆ ಕೊಟ್ಟ.

"ಇದರ ತೂಕ ನೋಡ್ರಿ. ಸಾಕಷ್ಟು ಐತಿ. ಆ ತೂಕನಾ ಕೂದ್ಲು ತೆಗೀತೈತಿ, ನೀವು ಒತ್ತಬಾರ್ದು. ಮೊದಲು ರೇಜರಿನ ತಲಿ ಕೆನ್ನಿಗೆ ಹಚ್ರಿ. ಈಗ ಹಿಡಿ ಕೆಳಗ ತರ್ರಿ, ಸಾವಕಾಶ... ಹಾಂ, ಅಲ್ಲೇ. ಬ್ಲೇಡು ಈಗಷ್ಟಾ ಚರ್ಮಕ್ಕ ತಾಕ್ತು ನೋಡ್ರಿ. ಹಂಗಾ ಕೆಳಗ ಬರ್ರಿ. ಸಣ್ಣಸಣ್ಣಕ. ಕೂದ್ಲು ಯಾವ ದಿಕ್ಕಿಗೆ ಮಲಗೈತೋ ಆ ದಿಕ್ಕಿಗೆ."

ಇನ್ನೊಂದು ಕೈಯಿಂದ ಚರ್ಮ ಬಿಗಿಹಿಡಿದು ಸತ್ಯಾತ್ಮ ರೇಜರನ್ನು ಇಳಿಸಿದ. ಸರಸರನೆ ಸಣ್ಣ ಸದ್ದಾಯಿತು. ನೊರೆ ಸರಿದ ಜಾಗದಲ್ಲಿ ತಿಂಗಳುಗಟ್ಟಲೆ ಬಿಸಿಲು ಕಾಣದ ಚರ್ಮದ ಪಟ್ಟಿ ಕಂಡಿತು. ಮತ್ತೊಮ್ಮೆ ಅದ್ದಿದ, ಮತ್ತೊಮ್ಮೆ ಇಳಿಸಿದ. ಹಳೆಯ ಗಾಯಗಳನ್ನು ಬಳಸಿಕೊಂಡು ಹೋದ. ಎಡಗೆನ್ನೆ ಮುಗಿಸುವಾಗ ಅವನಿಗೆ ತಿಳಿಯದೆಯೇ ಕಣ್ಣಿಂದ ನೀರಿಳಿದು ನೊರೆಯಲ್ಲಿ ಗೆರೆ ಮಾಡಿತು. ಕೈ ನಿಂತಿತು.

ಇಮಾಮಹುಸೇನ್ ಎಳೆ ಬೇವಿನಕಡ್ಡಿ ಮುರಿಯುತ್ತ ಬೆಟ್ಟದ ಕಡೆ ನೋಡಿದ. "ನೀರು ಹೆಚ್ಚಾದ್ರ ಏನೂ ಆಗಲ್ಲ ಬಿಡ್ರಿ, ಬ್ಲೇಡು ಚಲೋ ಜಾರತೈತಿ. ಇನ್ನೊಂದು ಸಲ ನೊರಿ ಹಚ್ಚಿರಿ, ನಡೀಲಿ."

ನಡೆಯಿತು. ಮುಗಿದ ಮೇಲೆ ತಣ್ಣೀರು ಹಾಕಿ, ಪಟಿಕದ ಹರಳು ಸವರಿಕೊಂಡ. ಚುರುಗುಟ್ಟಿತು. ಕನ್ನಡಿಯಲ್ಲಿ ಕಂಡದ್ದು ಮದುವೆಯ ಕಾಲದ ಮುಖವೇ. ಆದರೆ ಹಣೆ ಮೂಗು ಕೆಂಪಗೆ, ಕೆಳಗೆ ಬಿಳಿಚಿಕೊಂಡು, ಇಬ್ಬರು ಮನುಷ್ಯರನ್ನು ಜೋಡಿಸಿದಂತಿತ್ತು.

ಎಮ್ಮಿಗನೂರಿನ ಮೇಲೆ ಹಾಯುವ ಬಸ್ಸಿನಲ್ಲಿ ಕೂತು, ಭತ್ತದ ಗದ್ದೆಗಳ ಗಾಳಿ ಬೋಳು ಕೆನ್ನೆಗೆ ತಾಗುವಾಗ ಅವನಿಗೆ ಶ್ರೀಕೃತಿಯ ಅಂಗೈ ನೆನಪಾಯಿತು. ಕ್ಷೌರ ಮಾಡಿಸಿಕೊಂಡು ಬಂದ ದಿನ ಅವಳು ಹಾಯುತ್ತ ಹಾಯುತ್ತ ಕೆನ್ನೆ ಸವರಿ ಹೋಗುತ್ತಿದ್ದಳು. ಹೀಗೆ ಒಂದು ಕೈಗಾಗಿ ಮನಸ್ಸು ಬಾಯಿಬಿಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಸಿರುಗುಪ್ಪದಲ್ಲಿ ಬಾಗಿಲು ತೆರೆದವಳು ಅವಳೇ. ರಾಘಣ್ಣ ಪೂಜೆಗೆ ಕೂತಿದ್ದರು. ಗಂಡನ ಮುಖ ನೋಡಿ ಶ್ರೀಕೃತಿ ಬೆಂಕಿ ತಾಗಿದವಳಂತೆ ಹಿಂದೆ ಸರಿದು, ಒಳಕೋಣೆಗೆ ಹೋಗಿ ಕದ ಹಾಕಿಕೊಂಡಳು. ಸತ್ಯಾತ್ಮ ಒಳಗೆ ಕಾಲಿಡಲಿಲ್ಲ. ಗಡ್ಡ ತೆಗೆದದ್ದಕ್ಕೆ ಅವಳಿಗೆ, ಮಗನನ್ನು ಅಷ್ಟು ಬೇಗ ಮರೆತ ಎನಿಸಿತೇನೋ ಎಂದುಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತ.

ಬಹಳ ಹೊತ್ತಿನ ಮೇಲೆ ಕದ ತೆರೆದ ಸದ್ದಾಯಿತು. ಅವಳು ಬಂದು ಎದುರು ನಿಂತು, ಬಾಗಿ, ಅವನ ಗದ್ದದ ನಡುವಿನ ಸಣ್ಣ ಕುಳಿಯ ಮೇಲೆ ಬೆರಳಿಟ್ಟಳು.

"ಅವಗೂ ಇಲ್ಲೇ ಇತ್ತು," ಎಂದಳು.

ಸತ್ಯಾತ್ಮ ಅವಳ ಕೈ ಹಿಡಿದ. "ನೀ ನೋಡಿದ್ಯಾ?"

"ಅವರು ಒಯ್ಯೋತನಕ ನನ್ನ ತೊಡಿ ಮ್ಯಾಲೇ ಇದ್ದ. ಅವನ ಅಪ್ಪ ಬರೋತನಕ ಕೊಡಂಗಿಲ್ಲ ಅಂತ ಹಿಡಕೊಂಡಿದ್ದೆ. ಎಷ್ಟು ಹೇಳಿದ್ರೂ ಕೇಳಲಿಲ್ಲ, ಕಸಗೊಂಡ್ರು. ನಿಮಗೊಮ್ಮೆ ತೋರಸಲಿಕ್ಕೂ ನನ್ನ ಕೈಲಿ ಆಗಲಿಲ್ರಿ. ಯಾವ ಮುಖ ಇಟ್ಕೊಂಡು ಮಾತಾಡ್ಲಿ ನಿಮ್ಮ ಜೋಡಿ?"

"ನಾ ತಡಾ ಮಾಡಿದೆ ಅಂತ ನಿನಗ ಸಿಟ್ಟು ಅಂದ್ಕೊಂಡಿದ್ದೆ."

"ಧೂಳಾಗ ಓಡಿ ಬಂದಿದ್ರಿ. ನಿಮ್ಮ ಕಣ್ಣರೆಪ್ಪಿ ಸೈತ ಕೆಂಪಿತ್ತು. ಸಿಟ್ಟು ಹೆಂಗ ಬರ್ತದ?"

ಅವಳು ಅಲ್ಲಿಯೇ ಅವನ ಪಕ್ಕದಲ್ಲಿ ಕೂತು ಅತ್ತಳು. ಪೂಜೆ ಮುಗಿಸಿ ಬಂದ ರಾಘಣ್ಣ ಹೊಸ್ತಿಲಲ್ಲಿ ನಿಂತು, ತಿರುಗಿ ಒಳಗೆ ಹೋದರು.

ಬಿಸಿಲು ಇಳಿದ ಮೇಲೆ ಇಬ್ಬರೂ ಆಟೋ ಮಾಡಿಕೊಂಡು ಕೆಂಚನಗುಡ್ಡಕ್ಕೆ ಹೋದರು. ಮಾವ ಗುರುತು ಹೇಳಿ ಕಳಿಸಿದ್ದರು. ಹೊಳೆಯ ದಂಡೆಗೆ ಸ್ವಲ್ಪ ಮೇಲೆ, ಒಂದು ಜಾಲಿಗಿಡ. ಬುಡದಲ್ಲಿ ಕಲ್ಲು ಹೇರಿದ ಜಾಗ. ತುಂಗಭದ್ರೆ ಬಂಡೆಗಳ ನಡುವೆ ಹರಿಯುತ್ತಿತ್ತು. ಅಲ್ಲಿ ಕೂತು ಶ್ರೀಕೃತಿ ಹೇಳತೊಡಗಿದಳು. ತಲೆ ತುಂಬ ಕಪ್ಪು ಕೂದಲಿತ್ತು. ಕಿವಿ ತನ್ನವು, ಸ್ವಲ್ಪ ಚೂಪು. ಕಾಲ್ಬೆರಳು ಉದ್ದ, ಅತ್ತೆಯವರ ಹಾಗೆ. ಬಲಗೈ ಮುಷ್ಟಿ ಕಟ್ಟಿತ್ತು, ಬಿಡಿಸಲು ಹೋದರೆ ಬಿಡಲಿಲ್ಲ. ಅವಳು ಹೇಳಿದಂತೆ ಸತ್ಯಾತ್ಮನ ಕಣ್ಣ ಮುಂದೆ ಮಗ ತುಸುತುಸುವೇ ಬಂದು ಮಲಗಿದ. ಹೇಳಿದ್ದನ್ನೇ ಮತ್ತೆ ಹೇಳಿಸಿಕೊಂಡ. ಅವಳೂ ಬೇಸರವಿಲ್ಲದೆ ಮತ್ತೆ ಹೇಳಿದಳು.

ಮುಂದೆ ಶ್ರಾವಣ ಕಳೆಯುವಷ್ಟರಲ್ಲಿ ಅವಳು ಬಳ್ಳಾರಿಗೆ ಬಂದಳು. ಆದರೆ ಆ ಸಂಜೆ ಅವರಿಬ್ಬರಿಗೂ ಊರಿಗೆ ಮರಳುವ ಮಾತು ಬೇಕಿರಲಿಲ್ಲ. ಹೊಳೆಯಾಚೆ ದನ ಮನೆಗೆ ತಿರುಗಿದ್ದವು. ಎಲ್ಲ ಕೇಳಿ ಮುಗಿಯಿತು ಎಂದುಕೊಂಡಿದ್ದ ಸತ್ಯಾತ್ಮ ಮತ್ತೆ ಕೇಳಿದ.

"ಕಣ್ಣು? ಕಣ್ಣು ಹೆಂಗಿದ್ವು?"

ಶ್ರೀಕೃತಿ ನೀರಿನ ಕಡೆ ನೋಡುತ್ತ ಹೇಳಿದಳು: "ತೆರೀಲಿಲ್ರೀ."