ಮಲ್ಲಿಕಾರ್ಜುನಯ್ಯನ ಬಲಗೈ

ಅಟ್ಟದಲ್ಲಿ ವರ್ಷವಿಡೀ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಿಸಿದರೆ, ಕೊಬ್ಬರಿ ಚಿಪ್ಪನ್ನು ಬಿಟ್ಟಿದೆಯೇ ಇಲ್ಲವೇ ಎಂಬುದು ಸದ್ದಿನಿಂದಲೇ ತಿಳಿಯುತ್ತದೆ. ದಂಡಿನಶಿವರದಲ್ಲಿ ಈ ಪರೀಕ್ಷೆಗೆ ಮಲ್ಲಿಕಾರ್ಜುನಯ್ಯನ ಕಿವಿಯೇ ಪ್ರಮಾಣ. ೨೦೦೩ರಲ್ಲಿ ಮಾತ್ರ ಅವನು ಕೊಬ್ಬರಿಯಾಗಿದೆ ಎಂದ ಕಾಯಿಗಳು ಒಡೆದಾಗ ಹಸಿಯಾಗಿದ್ದವು. ಅವನ ಬಲಗೈ ತಾನಾಗಿಯೇ ನಡುಗುತ್ತಿತ್ತು. ಹಿಡಿದ ಕಾಯಿಗಳೆಲ್ಲ ಒಂದೇ ಬಗೆಯಲ್ಲಿ ಸದ್ದು ಮಾಡುತ್ತಿದ್ದವು.

“ಕಾಟಪ್ಪ ಅಲ್ಲಾಡುಸ್ತಾವ್ನೆ ಕಣೇ. ಸುಮ್ನೆ ಬುಡ್ತಾನಾ?” ಎಂದಳು ಕಾಯಿ ಒಡೆಯುವ ಭೂತಮ್ಮ, ಪಕ್ಕದವಳಿಗೆ.

ಕಾಟಪ್ಪ ಇಪ್ಪತ್ತು ವರ್ಷ ಮಲ್ಲಿಕಾರ್ಜುನಯ್ಯನ ತೋಟವನ್ನು ಕಾದವನು. ಒಮ್ಮೆ ಅಟ್ಟದ ಕಾಯಿ ಕಳುವಾದಾಗ ಮಲ್ಲಿಕಾರ್ಜುನಯ್ಯ ಅವನನ್ನು ಅರಳಿಕಟ್ಟೆಗೆ ಎಳೆತಂದು ಹೊಡೆದ. ಕದ್ದವನು ತನ್ನ ಸ್ವಂತ ತಮ್ಮನೆಂದು ಮರುವಾರವೇ ಮಲ್ಲಿಕಾರ್ಜುನಯ್ಯನಿಗೆ ತಿಳಿಯಿತು. ಮನೆತನದ ಮರ್ಯಾದೆಗಾಗಿ ಬಾಯಿ ಬಿಡಲಿಲ್ಲ. ಕಾಟಪ್ಪ ಕಳ್ಳನೆಂಬ ಹೆಸರಿನಲ್ಲೇ ಸತ್ತ. ಈಗ ಬರಿದಾದ ಅಟ್ಟದಲ್ಲಿಯೂ ಕಾಯಿ ಅಲುಗಿದ ಸದ್ದು ಮಲ್ಲಿಕಾರ್ಜುನಯ್ಯನಿಗೆ ಕೇಳಿಸುತ್ತಿತ್ತು. ರೋಗಿಯ ಕೈಯಲ್ಲಿ ಪಾಪವನ್ನು ಓದುವ ಈ ಊರು, ಆ ಪಾಪ ನಡೆದ ದಿನ ಕಟ್ಟೆಯ ಮೇಲೆ ಕುಳಿತು ನೋಡುತ್ತಿತ್ತು.

ತುರುವೇಕೆರೆಯ ಡಾಕ್ಟರ್ ಸೌಮ್ಯ ಅವನ ಕೈಯನ್ನು ಮಡಚಿ, ಬಿಡಿಸಿ, ನಡೆಸಿ ನೋಡಿದಳು.

“ಇದು ಪಾರ್ಕಿನ್ಸನ್ ಕಾಯಿಲೆ ಕಣ್ರೀ, ಶಾಪ ಅಲ್ಲ. ಕೈಕಾಲನ್ನ ಹಿಡಿತದಲ್ಲಿಡೋ ಮಿದುಳಿನ ಜೀವಕೋಶಗಳು ಸಾಯ್ತಾ ಬರ್ತವೆ.”

“ಯಾರು ಸಾಯ್ಸೋದು?”

“ಪೂರ್ತಿ ಗೊತ್ತಿಲ್ಲ. ರೋಗ ಬರದಂಗೆ ಕಾಯೋ ಕೋಶಗಳು ಮಿದುಳಲ್ಲೂ ಇವೆ. ಅವೇ ಕೆರಳಿ ನಮ್ಮ ಜೀವಕೋಶಗಳ ಮೇಲೆ ಬೀಳ್ತವೇನೋ ಅಂತ ಸಂಶೋಧಕರಿಗೆ ಅನುಮಾನ.”

“ತಮ್ಮೋರು ಅಂತ ಗೊತ್ತಾಗಲ್ವಾ ಅವಕ್ಕೆ?”

“ಗೊತ್ತಾಗಲ್ಲ.”

ಅವನು ತನ್ನ ಕೈಯನ್ನು ನೋಡಿಕೊಂಡ. “ನನಗೆ ಗೊತ್ತಾಗಿತ್ತಮ್ಮ,” ಎಂದ.

ಅಲ್ಲಿಂದ ನೇರವಾಗಿ ಹಟ್ಟಿಗೆ ಹೋಗಿ ಕಾಟಪ್ಪನ ಹೆಂಡತಿ ಮಂಜಮ್ಮನ ಮುಂದೆ ನಿಂತ. “ಕದ್ದೋನು ನನ್ನ ತಮ್ಮ.”

ಅವಳು ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ. “ನನ್ನ ಗಂಡ ಕಳ್ಳ ಅಲ್ಲ ಅಂತ ನನಗ್ಯಾಕೆ ಹೇಳ್ತೀರಿ? ಎಲ್ಲಿ ಹೊಡೆದ್ರೋ ಅಲ್ಲೇ ಹೇಳಿ.”

ಮರುದಿನ ಬೆಳಿಗ್ಗೆ ಅರಳಿಕಟ್ಟೆಯಲ್ಲಿ, ತಮ್ಮನ ಎದುರಿನಲ್ಲೇ, ಮಲ್ಲಿಕಾರ್ಜುನಯ್ಯ ಎಲ್ಲವನ್ನೂ ಹೇಳಿದ. ತಮ್ಮ ಎದ್ದು ಹೋದ. ಭೂತಮ್ಮನ ಕಣ್ಣು ಅವನ ಬಲಗೈಯ ಮೇಲಿತ್ತು.

“ಇನ್ನೂ ನಿಂತಿಲ್ವಲ್ಲ ಯಜಮಾನ್ರೆ?”

“ಇದು ಕಾಯಿಲೆ ಕಣಮ್ಮ, ನಿಲ್ಲಲ್ಲ,” ಎಂದ ಅವನು. “ಕಾಟಪ್ಪಂದು ಬೇರೆ ಲೆಕ್ಕ.”