ಹೆಸರಿಲ್ಲದ ನೈಟ್‌ಗೆ ಆಯೇರಿ

ನಮ್ಮ ಅಪ್ಪ ಸುಳ್ಳು ಹೇಳುವವನಲ್ಲ. ಅಮೆರಿಕದಲ್ಲಿ ನಮ್ಮ ಊರಾದ ಶುಗರ್ ಲ್ಯಾಂಡ್‌ನಲ್ಲಿ ಯಾರಾದರೂ ಮಗಳ ವಿಚಾರ ಕೇಳಿದರೆ, "ಡಲ್ಲಾಸ್‌ನಾಗ ಅದಾಳ್ರಿ. ನೈಟ್ ಕೆಲಸ ಅಕಿದು" ಎನ್ನುತ್ತಿದ್ದ. ನಮ್ಮ ಪರಿಚಯದ ಅರ್ಧ ಜನ ಡಾಕ್ಟರುಗಳು. ನೈಟ್ ಎಂದರೆ ಅವರಿಗೆ ರಾತ್ರಿಪಾಳಿ. "ಯಾವ ಆಸ್ಪತ್ರೆ?" ಎಂಬ ಪ್ರಶ್ನೆ ಬರುವಷ್ಟರಲ್ಲಿ ಅಪ್ಪ ನೀರು ಕುಡಿಯಲು ಎದ್ದಿರುತ್ತಿದ್ದ.

ನನ್ನ ತಂಗಿ ನಿವೇದಿತಾ ನರ್ಸ್ ಅಲ್ಲ. ಅವಳು ಕಲಿಯುತ್ತಿದ್ದದ್ದು ಇನ್ನೊಂದು ನೈಟ್ ಆಗುವುದನ್ನು: ಉಕ್ಕಿನ ಕವಚ ತೊಟ್ಟು, ಕುದುರೆ ಏರಿ, ಈಟಿ ಚಾಚಿ ಎದುರಾಳಿಯ ಮೇಲೆ ನುಗ್ಗುವ ಹಳೆಯ ಯುರೋಪಿನ ವೀರ. ಡಲ್ಲಾಸ್‌ನ ಹೊರಗೆ, ಹಿಂದೆ ದನಗಳ ಹರಾಜು ನಡೆಯುತ್ತಿದ್ದ ಒಂದು ದೊಡ್ಡ ಶೆಡ್ಡಿಗೆ ಪ್ಲೈವುಡ್ಡಿನ ಬುರುಜು ಹಚ್ಚಿ ಕೋಟೆ ಮಾಡಿದ್ದಾರೆ. ಜನ ಟಿಕೆಟ್ ಕೊಂಡು, ಕೋಳಿಯ ಕಾಲು ಕಡಿಯುತ್ತ, ಮರಳಿನ ಅಂಗಳದಲ್ಲಿ ಕಾಳಗ ನೋಡುತ್ತಾರೆ. ಮೂರು ವರ್ಷ ಅವಳು ಅಲ್ಲಿ ಲಾಯ ಬಳಿದಳು, ಕುದುರೆಗಳ ಗೊರಸು ಉಜ್ಜಿದಳು, ಬಿದ್ದಳು, ಎದ್ದಳು.

ಆ ಕಥೆಗಳನ್ನು ಅವಳ ತಲೆಗೆ ತುಂಬಿದವನು ನಾನು. ನಾನು ಅಮರ್. ಆಸ್ಟಿನ್‌ನಲ್ಲಿ ಮಧ್ಯಯುಗದ ಸಾಹಿತ್ಯ ಓದಿ ಡಾಕ್ಟರೇಟ್ ಪಡೆದವನು. ಹೇಗೂ ಹೆಸರಿನ ಹಿಂದೆ ಡಾಕ್ಟರ್ ಸೇರಿದ್ದರಿಂದ ನನ್ನ ವಿಷಯವನ್ನೂ ಅಪ್ಪ ಯಾರಿಗೂ ಬಿಡಿಸಿ ಹೇಳಬೇಕಾಗಿ ಬರಲಿಲ್ಲ. ನನ್ನ ಪ್ರಬಂಧ ಆ ವೀರರ ಮೌನದ ಮೇಲೆ. ಆ ಕಥೆಗಳಲ್ಲಿ ನೈಟ್ ಒಬ್ಬಳನ್ನು ಪ್ರೀತಿಸಿದರೆ ಅವಳ ಹೆಸರನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಪ್ರೀತಿ ಹೋಯಿತು. ಮೌನ ದೊಡ್ಡ ಗುಣವೆಂದು ಬಹಳ ವರ್ಷ ನಂಬಿದ್ದೆ. ನಮ್ಮ ಮನೆಯಲ್ಲೂ ಅದಕ್ಕೆ ಕೊರತೆ ಇರಲಿಲ್ಲ. ಎರಡು ವರ್ಷಗಳಿಂದ ನಿವೇದಿತಾ ಫೋನ್ ಮಾಡಿದರೆ ಅಪ್ಪ "ನಿಮ್ಮವ್ವಗ ಕೊಡ್ತೀನಿ" ಎಂದಷ್ಟೇ ಹೇಳುತ್ತಿದ್ದ.

ಮಾರ್ಚ್ ತಿಂಗಳಲ್ಲಿ ಅವಳ ಮೆಸೇಜ್ ಬಂತು, ಇಂಗ್ಲಿಷಿನಲ್ಲಿ. "ಶನಿವಾರ ಮಧ್ಯಾಹ್ನ ಮೂರಕ್ಕೆ ಮೊದಲ ಸಲ ಅಂಗಳಕ್ಕೆ ಇಳೀತೀನಿ, ಬೂದು ಕವಚದಲ್ಲಿ. ಅಪ್ಪನಿಗೆ ಹೇಳು. ಆದರೆ ಯಾರಿಗೂ ಗೊತ್ತಾಗದ ಹಾಗೆ ಬಂದು, ಯಾರೋ ಬೇರೆಯವರ ಥರ ನೋಡಿ ಹೋಗೋದಾದರೆ ಬರೋದೇ ಬೇಡ. ಅದಕ್ಕಿಂತ ಬರದೇ ಇರೋದು ವಾಸಿ."

ನಾನು ಅಪ್ಪನಿಗೆ ಅರ್ಧ ಮಾತ್ರ ಹೇಳಿದೆ. ಉಳಿದರ್ಧ ನುಂಗಿಕೊಂಡೆ. ಅಪ್ಪ, "ಪಾರ್ಕಿಂಗ್ ಹೆಂಗೈತಿ ಅಲ್ಲಿ?" ಎಂದಷ್ಟೇ ಕೇಳಿದ.

ಆ ದಿನ ಅಪ್ಪ, ಅವ್ವ ಶುಗರ್ ಲ್ಯಾಂಡ್‌ನಿಂದ ನಸುಕಿಗೇ ಹೊರಟು ಡಲ್ಲಾಸ್ ಸೇರಿದರು; ನಾನು ಆಸ್ಟಿನ್‌ನಿಂದ ಬಂದೆ. ಮಧ್ಯಾಹ್ನದ ಊಟ ರಮಾ ಆಂಟಿಯ ಮನೆಯಲ್ಲಿ. ಅವರು ಮೈಸೂರಿನವರು, ಅವ್ವನ ಹಳೆಯ ಗೆಳತಿ. ಡಲ್ಲಾಸ್‌ಗೆ ಶಿಫ್ಟ್ ಆಗಿ ಹತ್ತು ವರ್ಷವಾದರೂ ಶುಗರ್ ಲ್ಯಾಂಡ್‌ನ ಯಾವ ಸುದ್ದಿಯೂ ಅವರನ್ನು ತಪ್ಪಿಸಿಕೊಂಡು ಹೋಗುವುದಿಲ್ಲ. ನಾವು ಒಂದು ಶೋಗೆ ಹೊರಟಿದ್ದೇವೆ ಎಂದು ಅವ್ವನ ಬಾಯಿಂದ ಜಾರಿತು.

"ಯಾವ ಶೋ? ನಾನೂ ಬರ್ತೀನಿ," ಎಂದರು ಆಂಟಿ, ಆಗಲೇ ಚಪ್ಪಲಿ ಹುಡುಕುತ್ತ. "ನಿವೇದಿತಾಗೆ ಫೋನ್ ಮಾಡ್ರೀ, ಅವಳೂ ಬರಲಿ. ಪಾಪ, ನೈಟ್ ಮುಗಿಸಿ ಮಲಗಿರ್ತಾಳೇನೋ."

ಅಪ್ಪ ಕಾರಿನ ಬೀಗದ ಕೈ ನೋಡುತ್ತ ನಿಂತ. ಅವ್ವ ನನ್ನನ್ನು ನೋಡಿದಳು. ನಾನು ಕಿಟಕಿಯಾಚೆ ನೋಡಿದೆ. ದಾರಿಯುದ್ದಕ್ಕೂ ನನಗೆ ಒಂದೇ ಭಯ: ರಮಾ ಆಂಟಿಯ ಪಕ್ಕ ಕೂತು ಅಪ್ಪ ಈ ಆಟವನ್ನು ಯಾರೋ ಪರಕೀಯನಂತೆ ನೋಡಿ, ಕೈ ತಟ್ಟಿ, ಎದ್ದುಬಿಡುತ್ತಾನೆ. ನಿವೇದಿತಾ ಬೇಡವೆಂದದ್ದು ಅದನ್ನೇ.

ಆರನೆಯ ಸಾಲಿನಲ್ಲಿ ಕೂತೆವು. ಗಡ್ಡದ ಡಂಗುರದವನೊಬ್ಬ ಕೆಂಪು ನಿಲುವಂಗಿ ತೊಟ್ಟು, ಕೈಯಲ್ಲಿ ಮೈಕ್ ಹಿಡಿದು ನಾಲ್ವರು ನೈಟ್‌ಗಳನ್ನು ಪರಿಚಯಿಸಿದ. ಕಾಳಗಕ್ಕೆ ಮುಂಚೆ ಒಂದು ಪದ್ಧತಿ. ನೈಟ್ ಕುದುರೆಯ ಮೇಲೆ ಅಂಗಳದ ಸುತ್ತಲಿನ ಕಟಕಟೆಯ ಪಕ್ಕ ಬಂದು ಈಟಿ ಚಾಚುತ್ತಾನೆ; ಪ್ರೇಕ್ಷಕರಲ್ಲಿ ಒಬ್ಬ ಹೆಣ್ಣುಮಗಳು ತನ್ನ ಸ್ಕಾರ್ಫನ್ನು ಅದಕ್ಕೆ ಕಟ್ಟುತ್ತಾಳೆ. ಆ ಬಟ್ಟೆಯ ಮಾನಕ್ಕಾಗಿ ಅವನು ಹೋರಾಡುತ್ತಾನೆ. ಹಳೆಯ ಕಥೆಗಳಲ್ಲೂ ಹೀಗೇ. ಮೊದಲ ಮೂವರಿಗೆ ಸ್ಕಾರ್ಫ್ ಸಿಕ್ಕಿತು. ಕಟ್ಟಿದವರು ಕಂಪನಿಯವರೇ, ಮೊದಲೇ ಗೊತ್ತುಮಾಡಿ ಕೂರಿಸಿದವರು.

ಅಪ್ಪ ಮುಂದಕ್ಕೆ ಬಾಗಿ ಕೂತಿದ್ದ. "ಇದು ಆಯೇರಿ," ಎಂದ ತನ್ನಷ್ಟಕ್ಕೆ.

ಅಪ್ಪ ಹುಟ್ಟಿ ಬೆಳೆದ ಬಾಗಲಕೋಟೆಯ ಕಡೆ ದೊಡ್ಡಾಟ ನಡೆಯುವಾಗ ಜನರ ನಡುವಿನಿಂದ ಒಬ್ಬ ಎದ್ದು ರಂಗದ ಅಟ್ಟ ಹತ್ತುತ್ತಾನೆ. ಆಟ ನಿಲ್ಲುತ್ತದೆ. ಪಾತ್ರಧಾರಿಯ ಹೆಗಲಿಗೆ ಒಂದು ಶಾಲೋ ಟವೆಲ್ಲೋ ಹೊದಿಸುತ್ತಾನೆ. ಇಂಥವರು, ಇಂಥವರ ಮಗ, ಇಂಥ ಪಾತ್ರಕ್ಕೆ ಮೆಚ್ಚಿ ಆಯೇರಿ ಮಾಡಿದ್ದಾರೆಂದು ಮೈಕಿನಲ್ಲಿ ಕೂಗುತ್ತಾರೆ. ಆಮೇಲೆ ಆಟ ಮುಂದುವರಿಯುತ್ತದೆ. ಅಪ್ಪ ಇಲ್ಲಿಗೆ ಬಂದು ಕ್ಲಿಯರ್ ಲೇಕ್‌ನಲ್ಲಿ ಮೂವತ್ತು ವರ್ಷ ಎಂಜಿನಿಯರ್ ಆಗಿದ್ದವನು. ಆದರೂ ಆಟ ಎಂದರೆ ಅವನಿಗೆ ಆ ಅಟ್ಟವೇ.

ನಾಲ್ಕನೆಯ ನೈಟ್ ಬಂತು. ಬೂದು ಕವಚ, ಮುಚ್ಚಿದ ಶಿರಸ್ತ್ರಾಣ. "ಈತನಿಗೆ ಊರಿಲ್ಲ, ಹೆಸರಿಲ್ಲ!" ಎಂದ ಡಂಗುರದವ. ಕುದುರೆ ಕಟಕಟೆಯ ಪಕ್ಕದಲ್ಲೇ ನಿಧಾನಕ್ಕೆ ಸುತ್ತು ಹಾಕಿತು. ಬರಿಯ ಈಟಿ ಒಬ್ಬೊಬ್ಬರ ಮುಂದೆಯೂ ಚಾಚಿ ನಿಂತಿತು. ಸ್ಕಾರ್ಫಿನ ಹೆಂಗಸರು ಮುಖ ತಿರುಗಿಸಿದರು. ಜನ ಛೀಮಾರಿ ಹಾಕಿದರು. ಅದೇ ಪಾತ್ರ: ಹೆಸರಿಲ್ಲದ ನೈಟ್‌ಗೆ ಯಾರೂ ಏನೂ ಕೊಡುವುದಿಲ್ಲ, ಮೂರನೆಯ ಸುತ್ತಿನಲ್ಲಿ ಅವನು ಬೀಳುತ್ತಾನೆ.

"ಅಮರ್, ಅಕಿಗೆ ಯಾಕ ಯಾರೂ ಕೊಡವಲ್ರು?"

"ಅದು ಸ್ಕ್ರಿಪ್ಟ್ ಅಪ್ಪಾ. ಕೊಡಬಾರದು ಅಂತ ಬರದೈತಿ."

"ದೊಡ್ಡಾಟದಾಗೂ ಬರದಿರ್ತಾರ. ರಾಕ್ಷಸನ ಪಾತ್ರ ಮಾಡಿದವಗೂ ಆಯೇರಿ ಮಾಡ್ತಾರ. ಪಾತ್ರ ಸೋಲತೈತಿ, ಮಾಡಿದಾಂವ ಸೋತಿರೂದಿಲ್ಲ."

ಈಟಿ ಇನ್ನೂ ಖಾಲಿಯಾಗಿಯೇ ಸುತ್ತುತ್ತಿತ್ತು. ರಮಾ ಆಂಟಿ ಈಚೆ ಬಾಗಿದರು. "ಯಾಕೆ ಬಾಳಪ್ಪನವರೇ, ಆ ನೈಟ್ ನಿಮಗೆ ಗೊತ್ತಿರೋರಾ?"

ನಾನು ಉಳಿಸಿಕೊಂಡ ಆ ಅರ್ಧ ಮಾತನ್ನು ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ಅಪ್ಪನೇ ಅವ್ವನ ಕಡೆ ತಿರುಗಿದ.

"ಏ, ಬ್ಯಾಗಿನಾಗ ಏನರ ಅರಿವಿ ಐತೇನು?"

ಅವ್ವ ಏನು, ಯಾಕೆ ಎಂದು ಕೇಳಲೇ ಇಲ್ಲ. ಊಟವಾದ ಮೇಲೆ ಆಂಟಿ ಅರಿಸಿನ ಕುಂಕುಮದ ಜೊತೆ ಕೊಟ್ಟಿದ್ದ ಹಸಿರು ಖಣವನ್ನು ತೆಗೆದು ಮಡಿಕೆ ಬಿಡಿಸಿದಳು.

"ಅಯ್ಯೋ, ಅದು ನಾನು ಕೊಟ್ಟ ಬ್ಲೌಸ್ ಪೀಸ್ ಅಲ್ವಾ?" ಎಂದರು ಆಂಟಿ.

"ಹೌದವಾ, ಇನ್ನೊಂದು ಕೊಡುವಂತಿ," ಎಂದಳು ಅವ್ವ. ಅಪ್ಪನ ಕೈಗೆ ಕೊಟ್ಟಳು. "ನೀವ ಹೋಗ್ರಿ. ನನ್ನ ಮಣಕಾಲು ಈ ಮೆಟ್ಲ ಇಳಿಯಾಕ ಬಿಡೂದಿಲ್ಲ. ನಾ ಕೊಟ್ಟು ಕಳಿಸೀನಿ ಅಂತ ಹೇಳ್ರಿ."

ಎಪ್ಪತ್ತೆರಡು ವರ್ಷದ ಅಪ್ಪ ಕೋಟು ಸರಿಮಾಡಿಕೊಂಡು ಆರು ಸಾಲು ಇಳಿದು ಕಟಕಟೆಯ ಬಳಿ ಹೋಗಿ ನಿಂತ. ಬೂದು ಕವಚದ ನೈಟ್ ಕುದುರೆಯನ್ನು ಜಗ್ಗಿ ನಿಲ್ಲಿಸಿದಳು. ಡಂಗುರದವ ಓಡಿಬಂದ. ಅವನ ಕಾಗದದಲ್ಲಿ ಇದು ಇರಲಿಲ್ಲ. ಮುಂದಿನ ಮಾತೆಲ್ಲ ಇಂಗ್ಲಿಷಿನಲ್ಲಿ, ಮೈಕಿನಲ್ಲಿ, ಇಡೀ ಶೆಡ್ಡಿಗೆ ಕೇಳುವಂತೆ ನಡೆಯಿತು.

"ಮಹನೀಯರೇ, ಇದನ್ನು ಕೊಡುವ ಹಕ್ಕು ಹೆಂಗಸರದ್ದು."

"ಹೆಂಗಸೇ ಕೊಟ್ಟದ್ದು. ಅವಳಿಗೆ ಮೊಣಕಾಲು ನೋವು. ನಾನು ತಂದೆ."

ಜನ ನಕ್ಕರು. ಡಂಗುರದವನಿಗೂ ಹುರುಪು ಬಂತು. "ಹಾಗಾದರೆ ಆ ಮಹಾತಾಯಿಯ ಹೆಸರು?"

ಅಪ್ಪ ಕೈಯಲ್ಲಿದ್ದ ಖಣವನ್ನು ಮತ್ತೆ ಮಡಚತೊಡಗಿದ. ನನಗೆ ಆಗ ಹೊಳೆಯಿತು. ಅವ್ವನ ಹೆಸರು ಅಪ್ಪನ ಬಾಯಲ್ಲಿ ಬಂದದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. "ಏ" ಎನ್ನುತ್ತಿದ್ದ, "ಕೇಳತೇನು" ಎನ್ನುತ್ತಿದ್ದ, ಬೇರೆಯವರೆದುರು "ಅಮರನ ಅವ್ವ" ಎನ್ನುತ್ತಿದ್ದ. ಇನ್ಶೂರೆನ್ಸ್‌ನವರು ಫೋನಿನಲ್ಲಿ ಹೆಂಡತಿಯ ಹೆಸರು ಕೇಳಿದರೆ ಫೋನನ್ನೇ ಅವಳ ಕೈಗೆ ಕೊಡುತ್ತಿದ್ದ. ಪ್ರೀತಿಸಿದವಳ ಹೆಸರು ಹೇಳದ ವೀರರ ಬಗ್ಗೆ ನಾನು ಮುನ್ನೂರು ಪುಟ ಬರೆದಿದ್ದೆ. ಅಂಥವನೊಬ್ಬ ನಮ್ಮ ಮನೆಯಲ್ಲೇ ನಲವತ್ತೊಂದು ವರ್ಷದಿಂದ ಊಟ ಮಾಡಿ ತಟ್ಟೆ ತೊಳೆದಿಡುತ್ತಿದ್ದ.

"ಕಮಲವ್ವ," ಎಂದ ಅಪ್ಪ. ಮೈಕಿಗೆ ಸಾಲದಷ್ಟು ಮೆಲ್ಲಗೆ. ಮತ್ತೆ ಜೋರಾಗಿ, "ಕಮಲವ್ವ. ಬಾಳಪ್ಪ ಹಳ್ಳೂರನ ಹೆಂಡತಿ. ಬಾಳಪ್ಪ ಅಂದರೆ ನಾನು."

ನನ್ನ ಪಕ್ಕದಲ್ಲಿ ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಕಮಲವ್ವನವರ ಕೊಡುಗೆ, ಹೆಸರಿಲ್ಲದ ಈ ನೈಟ್‌ಗೆ!" ಎಂದು ಡಂಗುರದವ ಜನರತ್ತ ತಿರುಗಿದ.

ಅಪ್ಪ ಅವನ ತೋಳು ಹಿಡಿದು ಈಚೆ ತಿರುಗಿಸಿದ. "ಹೆಸರಿದೆ. ನಿವೇದಿತಾ. ನನ್ನ ಮಗಳು. ಆ ಹೆಸರು ನಾನೇ ಇಟ್ಟದ್ದು."

ಕೋಳಿಯ ಕಾಲು ಕಡಿಯುವುದನ್ನೂ ಜನ ನಿಲ್ಲಿಸಿದರು. ನಾನು ಓದಿನಲ್ಲೂ ಬಾಳಿನಲ್ಲೂ ಬಹಳ ಬಗೆಯ ಮೌನ ಕಂಡವನು, ಆದರೆ ಅಂಥದ್ದನ್ನು ಕಂಡಿರಲಿಲ್ಲ. ಅದರಲ್ಲಿ ಅಡಗಿಸಿಡುವುದು ಏನೂ ಇರಲಿಲ್ಲ.

ಆಟ ಮುಗಿಯುವ ತನಕ ಮುಖದ ತಗಡು ಎತ್ತಬಾರದೆಂಬುದು ಅಲ್ಲಿಯ ನಿಯಮ. ನಿವೇದಿತಾ ಎತ್ತಲಿಲ್ಲ. ಈಟಿಯನ್ನು ಚಾಚಿದಳು. ಅಪ್ಪ ಖಣವನ್ನು ಸುತ್ತಿ ಎರಡು ಗಂಟು ಹಾಕಿ, ಎಳೆದು ನೋಡಿದ. ಆಮೇಲೆ ಅವಳು ಈಟಿಯ ತುದಿಯನ್ನು ಕೆಳಕ್ಕೆ ಇಳಿಸಿದಳು, ಇನ್ನೂ ಕೆಳಕ್ಕೆ, ಕಟಕಟೆಯ ಸಂದಿಯಲ್ಲಿ ಅಪ್ಪನ ಬೂಟಿನ ತುದಿಗೆ ತಾಗುವ ತನಕ. ಅಮೆರಿಕದವರಿಗೆ ಅದು ಏನೆಂದು ತಿಳಿಯಲಿಲ್ಲ. ಆದರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅಪ್ಪ ಮೇಲೆ ಬಂದು ಕೂತ. ರಮಾ ಆಂಟಿ ಪೂರ್ತಿ ಅವನತ್ತ ತಿರುಗಿ ಕೂತರು.

"ಬಾಳಪ್ಪನವರೇ, ನೈಟ್ ಅಂದ್ರೆ ಇದಾ? ನಾವೆಲ್ಲ ಆಸ್ಪತ್ರೆ ಅಂದ್ಕೊಂಡಿದ್ವಲ್ರೀ."

"ಅಂದ್ಕೊಳ್ಳಾಕ ಬಿಟ್ಟಿದ್ದೆ. ತಪ್ಪು ನಂದ. ಶುಗರ್ ಲ್ಯಾಂಡ್‌ಗೆ ಫೋನ್ ಮಾಡೂದಿದ್ರ ಈಗ ಮಾಡ್ರಿ. ಫೋಟೋನೂ ತಗೀರಿ."

ಆಂಟಿ ನಿಜಕ್ಕೂ ಫೋನ್ ತೆಗೆದರು.

ಸ್ಕ್ರಿಪ್ಟಿನಲ್ಲಿದ್ದಂತೆ ಅವಳು ಇಬ್ಬರನ್ನು ಕೆಡವಿದಳು. ಮೂರನೆಯ ಸುತ್ತಿನಲ್ಲಿ ಸ್ಕ್ರಿಪ್ಟಿನಂತೆ ಸೋತಳು. ಈಟಿಯ ಏಟಿಗೆ ಎಡಗಡೆ ವಾಲಿ, ಭುಜ ಮೊದಲು ಊರಿ, ಉರುಳಿ, ಗೊರಸುಗಳಿಂದ ದೂರ ಸರಿದು ಮರಳಿನಲ್ಲಿ ಮಲಗಿದಳು. ಮೂರು ವರ್ಷ ಕಲಿತದ್ದು ಆ ಒಂದು ಉರುಳು. ಈಗ ಯಾರೂ ಛೀಮಾರಿ ಹಾಕಲಿಲ್ಲ. ಜನ ಅವಳ ಹೆಸರನ್ನು ತಮಗೆ ಬಂದ ಹಾಗೆ ಕೂಗುತ್ತಿದ್ದರು. ಅಪ್ಪ ಪಕ್ಕದ ಸೀಟಿನ ಅಪರಿಚಿತನ ತೊಡೆ ತಟ್ಟಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದ: "ಬೀಳೋದು ನೋಡಿದಿರಾ? ಗೆಲ್ಲೋದು ಯಾರು ಬೇಕಾದರೂ ಮಾಡ್ತಾರೆ."

ಆಟ ಮುಗಿದ ಮೇಲೆ ಲಾಯದ ಬಾಗಿಲಿಗೆ ಹೋದೆವು. ಮ್ಯಾನೇಜರ್ ಹೆಂಗಸು ನಿವೇದಿತಾಳೊಂದಿಗೆ ಗಟ್ಟಿಯಾಗಿ ಮಾತಾಡುತ್ತಿದ್ದಳು. ಈ ಒಂದು ಸಲ ಸರಿ, ಮುಂದಿನ ವಾರದಿಂದ ಈ ನೈಟ್‌ಗೆ ಮತ್ತೆ ಹೆಸರಿಲ್ಲ, ಅಪ್ಪಂದಿರು ಸೀಟು ಬಿಟ್ಟು ಏಳುವಂತಿಲ್ಲ. ನಿವೇದಿತಾ ತಲೆಯಾಡಿಸಿದಳು. ಅವಳ ಕೂದಲು ಬೆವರಿನಿಂದ ಹಣೆಗೆ ಅಂಟಿತ್ತು, ಖಣ ತೋಳಿಗೆ ಬಂದಿತ್ತು. ನಮ್ಮನ್ನು ನೋಡಿ ನಿಂತಳು.

"ಭುಜಕ್ಕ ಪೆಟ್ಟಾತೇನು?" ಎಂದ ಅಪ್ಪ. ಫೋನಿನ ಆ ಒಂದು ಮಾತು ಬಿಟ್ಟರೆ ಎರಡು ವರ್ಷದಲ್ಲಿ ಅವಳೊಂದಿಗೆ ಮೊದಲ ಮಾತು.

"ಇಲ್ಲಪ್ಪಾ. ಐ ಆ್ಯಮ್ ಫೈನ್." ನಂತರ, "ಯು ಬ್ರೋಕ್ ದ ಸ್ಕ್ರಿಪ್ಟ್."

"ಹೌದು, ಮುರದೆ."

ಅವಳು ನಕ್ಕಳು. ಅವ್ವ ಅವಳ ಕವಚದ ಮೇಲಿನ ಮರಳನ್ನು ಸೆರಗಿನಿಂದ ಒರೆಸತೊಡಗಿದಳು, ಒರೆಸಿದಲ್ಲೇ ಮತ್ತೆ ಮತ್ತೆ.

ಅಷ್ಟರಲ್ಲಿ ಡಂಗುರದವ ನಿಲುವಂಗಿ ಕಳಚಿ, ಟೀ ಶರ್ಟಿನಲ್ಲಿ ಆ ಕಡೆ ಬಂದ. "ಮಿಸ್ಟರ್ ಬಾಲಪ್ಪ!" ಎಂದು ಕೈ ಚಾಚಿದ.

ಅಪ್ಪ ಕೈ ಕುಲುಕಿದ, ಬಿಡಲಿಲ್ಲ. "ಲ ಅಲ್ಲ, ಳ. ನಾಲಿಗೆ ಮೇಲಕ್ಕೆ ಮಡಚು. ಬಾ-ಳ-ಪ್ಪ."

"ಬಾ-ರ-ಪ್ಪ."

"ನೋ, ನೋ," ಎಂದು ನಿವೇದಿತಾ ಮುಂದೆ ಬಂದಳು. "ಲೈಕ್ ದಿಸ್. ಬಾಲ್ಲಪ್ಪ."

ಅಪ್ಪ ಮಗಳ ಮುಖ ನೋಡಿದ, ಗಡ್ಡದವನ ಮುಖ ನೋಡಿದ. ಇಬ್ಬರನ್ನೂ ಲಾಯದ ಗೋಡೆಗೆ ಅಕ್ಕಪಕ್ಕ ನಿಲ್ಲಿಸಿ, "ನಾ ಅಂದಂಗ ಅನ್ರಿ," ಎಂದು ಮೊದಲಿನಿಂದ ಶುರುಮಾಡಿದ.