ಶಿವರಾಜಪ್ಪನವರ ಕಣ್ಣು

ಭಾಲ್ಕಿಯಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದ ಶಿವರಾಜಪ್ಪನವರು ಮಂಗಳವಾರ ಬೆಳಿಗ್ಗೆ ಆರಕ್ಕೆ ತೀರಿಕೊಂಡರು. ಏಳಕ್ಕೆ ಅವರ ಮಗಳು ಶಶಿಕಲಾ ಫೋನ್ ಮಾಡಿದಳು. "ಅಪ್ಪಾ ಕಣ್ಣು ಬರದುಕೊಟ್ಟಾರ್ರಿ. ಜಲ್ದಿ ಬರ್ರಿ."

ನಾನು ಬೀದರಿನ ಒಂದು ಸಣ್ಣ ನೇತ್ರ ಭಂಡಾರದಲ್ಲಿದ್ದೇನೆ. ಸತ್ತವರ ಮನೆಯವರೊಡನೆ ಮಾತಾಡಿ ಸಹಿ ಹಾಕಿಸಿಕೊಳ್ಳುವುದು ನನ್ನ ಕೆಲಸ. ಕಣ್ಣು ತೆಗೆಯುವುದು ಮುಬಶ್ಶೀರನ ಕೆಲಸ.

ಹೊರಡುವಾಗಲೇ ನನಗೆ ಒಂದು ವಿಷಯ ಗೊತ್ತಿತ್ತು. ಕಣ್ಣಿನ ಮುಂದಿನ ತೆಳು ಪದರವನ್ನಷ್ಟೇ ಬಿಡಿಸಿ ತೆಗೆಯಲು ಬರುವುದು ನಮ್ಮ ಡಾಕ್ಟರಿಗೆ ಮಾತ್ರ, ಅವರು ರಜೆಯಲ್ಲಿದ್ದರು, ಬರುವುದು ಗುರುವಾರವೇ. ಮುಬಶ್ಶೀರನಿಗೆ ಇಡೀ ಗುಡ್ಡೆ ತೆಗೆಯುವುದಷ್ಟೇ ಬರುತ್ತದೆ.

ಎರಡು ವರ್ಷದ ಹಿಂದೆ ಭಾಲ್ಕಿಯ ಶಿಬಿರದಲ್ಲಿ ಶಿವರಾಜಪ್ಪನವರು ಸಹಿ ಮಾಡುವ ಮೊದಲು ನನ್ನನ್ನು ಕೇಳಿದ್ದು ಇದನ್ನೇ.

"ನಾವು ಲಿಂಗಾಯತರು ತಂಗಿ. ಕೂಡಿಸಿ ಮಣ್ಣ ಮಾಡ್ತಾರ, ಎಡಗೈಯಾಗ ಲಿಂಗ ಇಡ್ತಾರ. ಕಣ್ಣೇ ಇಲ್ಲಂದ್ರ ನಾ ಹ್ಯಾಂಗ ನೋಡ್ಲಿ?"

"ಇಡೀ ಕಣ್ಣು ತೆಗಿಯಲ್ರಿ ಕಾಕಾ. ಉಳ್ಳಾಗಡ್ಡಿ ಸಿಪ್ಪಿಯಂಥ ಒಂದು ಪದರ ಅಷ್ಟೇ. ಗುಡ್ಡಿ ಅಲ್ಲೇ ಇರ್ತದ."

ಅವರು ನಕ್ಕರು. "ಹಂಗಿದ್ರ ತಗೋರಿ. ಖರೆ, ಹಚ್ಕೊಂಡಾಂವಗ ಹುಷಾರ್ ಅಂತ ಹೇಳ್ರಿ. ಮೋಟಾರ್ ಕಂಡಲ್ಲೆಲ್ಲಾ ಬಿಚ್ಚಲಾಕ ಕೂಡ್ತಾನ."

"ಊರ ಮೋಟಾರ್ ಬಿಚ್ತಾರ, ಮನಿ ಫ್ಯಾನ್ ಮಾತ್ರ ಎರಡು ವರ್ಷ ಆತು ತಿರಗವಲ್ದು" ಎಂದಿದ್ದರು ಪಕ್ಕದಲ್ಲಿದ್ದ ಹೆಂಡತಿ ಅನುಸೂಯಾಬಾಯಿ.

ಅಂದು ನಾನು ಹೇಳಿದ್ದು ಸುಳ್ಳಲ್ಲ. ಸುಳ್ಳು ಹೇಳಿದ್ದು ಮಂಗಳವಾರ. ಕಾಗದ ಮುಂದಿಟ್ಟಾಗ ಅನುಸೂಯಾಬಾಯಿ, "ಅದೇ ಪದರಾ ಅಷ್ಟೇ ಅಲ್ಲ?" ಎಂದರು. ನಾನು ಹೌದೆಂದು ತಲೆಯಾಡಿಸಿದೆ.

ಯಾಕೆಂದರೆ ದಾರಿಯಲ್ಲೇ ನಾನು ಔರಾದಿಗೆ ಫೋನ್ ಮಾಡಿಬಿಟ್ಟಿದ್ದೆ. ಅಲ್ಲಿ ಧೊಂಡಿಬಾ ಎಂಬ ಕುರಿಗಾರ ಹದಿನಾಲ್ಕು ತಿಂಗಳಿಂದ ಕಾಯುತ್ತಿದ್ದ. ಜೋಳದ ಗರಿ ಬಡಿದು ಬಲಗಣ್ಣು ಪೂರ್ತಿ ಹೋಗಿತ್ತು. ಎಡಗಣ್ಣಿನ ಮೇಲೆ ಬಿಳಿ ಕಲೆ ಕಟ್ಟಿ, ಮುಖದ ಮುಂದೆ ಕೈಯಾಡಿಸಿದರೆ ನೆರಳು ಮಾತ್ರ ಕಾಣುತ್ತಿತ್ತು. "ನಾಡಿದ್ದು ಬರಬೇಕಾಗ್ತದ, ತಯಾರಿರ್ರಿ ಮಾಮಾ" ಎಂದಿದ್ದೆ. ಕಣ್ಣು ಇನ್ನೂ ನಮ್ಮ ಕೈಗೆ ಬಂದಿರಲಿಲ್ಲ. ಹಾಗೆ ಹೇಳಬಾರದಿತ್ತು.

ಮುಬಶ್ಶೀರ ಎರಡೂ ಗುಡ್ಡೆ ತೆಗೆದು, ಆ ಜಾಗದಲ್ಲಿ ಪ್ಲಾಸ್ಟಿಕ್ಕಿನ ಚಿಪ್ಪು ಇಟ್ಟು, ರೆಪ್ಪೆ ಮುಚ್ಚಿದ. ಮುಖ ಮೊದಲಿನ ಹಾಗೇ ಇತ್ತು. ಮಂಜುಗಡ್ಡೆಯ ಡಬ್ಬಿ ತೆಗೆದುಕೊಂಡು ಅವನು ಬೀದರಿಗೆ ಹೊರಟ. ಕಣ್ಣು ಕೊಟ್ಟವರ ಮಣ್ಣಿಗೆ ನಮ್ಮವರೊಬ್ಬರು ನಿಲ್ಲಬೇಕೆಂಬ ರೂಢಿ ಇದೆ. ನಾನು ಉಳಿದೆ.

ಹನ್ನೆರಡರ ಹೊತ್ತಿಗೆ ಮೈತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸಿದರು. ಅನುಸೂಯಾಬಾಯಿ ನನ್ನ ಹತ್ತಿರ ಬಂದರು.

"ತಂಗಿ, ನಮ್ಮ ಮನಿತನದಾಗ ಅರ್ಧ ಕಣ್ಣು ತೆರದು ಕೂಡಿಸ್ತಾರ. ನಮ್ಮ ಮಾವಗೂ ಹಂಗೇ ಮಾಡಿದ್ರು. ರೆಪ್ಪಿ ಜರಾ ಎತ್ತಿದ್ರ ನಡಿತದ?"

"ಬ್ಯಾಡ್ರಿ, ರಕ್ತ ಬರ್ತದ" ಎಂದರೆ ಮುಗಿಯುತ್ತಿತ್ತು. ನಮ್ಮಲ್ಲಿ ಎಲ್ಲರೂ ಹಾಗೇ ಹೇಳುತ್ತೇವೆ, ಒಮ್ಮೊಮ್ಮೆ ಅದು ನಿಜವೂ ಹೌದು. "ಒಂದು ನಿಮಿಷ ಇರ್ರಿ" ಎಂದು ಹೊರಗೆ ಬಂದು ಮುಬಶ್ಶೀರನಿಗೆ ಫೋನ್ ಮಾಡಿದೆ.

"ಹೇಳಬ್ಯಾಡ ಬಾಜಿ" ಎಂದ; ಅಕ್ಕ ಎನ್ನುವುದಕ್ಕೆ ಅವನು ಹಾಗೇ ಕರೆಯುತ್ತಾನೆ. "ಸಂಜಿಕ ಮಣ್ಣಾಗ್ತದ. ಯಾರಿಗಿ ತಿಳಿತದ?"

"ಅವರು ಪದರಾ ಅಷ್ಟೇನು ಅಂತ ಕೇಳಿ ಕೊಟ್ಟಿದ್ರು ಮುಬಶ್ಶೀರ."

"ಔರಾದಿನಾಂವ? ಅಂವಗೂ ನಾಡಿದ್ದು ಬಾ ಅಂತ ನೀನೇ ಹೇಳೀಯಲ್ಲ?"

ಫೋನ್ ಇಟ್ಟೆ. ಒಬ್ಬನಿಗೆ ಬೆಳಕು ಬರುವುದನ್ನು ತಪ್ಪಿಸಿ ನನ್ನ ಮನಸ್ಸಿನ ಭಾರ ಇಳಿಸಿಕೊಳ್ಳುವುದು ಎಂಥ ಧರ್ಮ ಅನ್ನಿಸಿತು. ಈಗಲೂ ಅನ್ನಿಸುತ್ತದೆ. ಆದರೆ ಅವರು ಕೊಟ್ಟಿದ್ದು ಪದರವನ್ನು. ಉಳಿದದ್ದನ್ನು ನಾವು ತೆಗೆದುಕೊಂಡಿದ್ದೆವು.

ಒಳಗೆ ಹೋಗಿ ಹೇಳಿದೆ.

ಅನುಸೂಯಾಬಾಯಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಈಗ ಒಳಗ ಏನದ?"

"ಪ್ಲಾಸ್ಟಿಕ್ ರಿ. ಚಿಪ್ಪಿನಂಥದು."

"ಪ್ಲಾಸ್ಟಿಕ್" ಎಂದರು.

ಶಶಿಕಲಾ ಎದ್ದು ಬಂದಳು. "ಹೇಳಿದ್ರ ನಾವು ಬ್ಯಾಡ ಅಂತೇವಿ ಅಂತ ಸುಮ್ಮನಿದ್ರಿ. ಹೌದಿಲ್ಲ?"

"ಹೌದ್ರಿ."

"ಸತ್ತ ಮನ್ಯಾಗ ಬಂದು ಹಿಂಗ ಮಾಡಲಾಕ ಮನಸರ ಹ್ಯಾಂಗ ಬಂತು ನಿಮಗ?"

ಔರಾದಿನಲ್ಲಿ ಒಬ್ಬ ಕಾಯುತ್ತಿದ್ದಾನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವರು ಕರಗುತ್ತಿದ್ದರೇನೋ. ಹಾಗೆ ಕರಗಿಸುವುದು ಎರಡನೆಯ ಸಲ ಕಸಿದುಕೊಂಡಂತೆ ಎಂದು ನುಂಗಿಕೊಂಡೆ.

ಅನುಸೂಯಾಬಾಯಿ ಗಂಡನ ಮುಖ ನೋಡುತ್ತ ಕೂತರು. ಆಮೇಲೆ ನನ್ನತ್ತ ತಿರುಗದೆಯೇ ಹೇಳಿದರು: "ನೀ ಮಾತು ಕೊಟ್ಟಿದ್ದು ನನಗಲ್ಲ ತಂಗಿ, ಅವರಿಗಿ. ತರಿಸು."

ಮುಬಶ್ಶೀರ ಎರಡು ಗಂಟೆಗೆ ವಾಪಸು ಬಂದ. ಎಲ್ಲರನ್ನೂ ಹೊರಗೆ ಕಳಿಸಿ, ಚಿಪ್ಪು ತೆಗೆದು, ಗುಡ್ಡೆಗಳನ್ನು ಒಂದೊಂದಾಗಿ ಅವುಗಳ ಜಾಗಕ್ಕೆ ಸೇರಿಸಿದ. ನಾನು ಬ್ಯಾಟರಿಯ ಬೆಳಕು ಹಿಡಿದಿದ್ದೆ. ಅನುಸೂಯಾಬಾಯಿ ಒಳಗೆ ಬಂದು ತಾವೇ ರೆಪ್ಪೆ ಎತ್ತಿದರು. ಕಣ್ಣಿಗೆ ಹೊಳಪಿರಲಿಲ್ಲ. ಲಿಂಗವಿದ್ದ ಎಡಗೈಯನ್ನು ಸ್ವಲ್ಪ ಮೇಲಕ್ಕೆ, ಮತ್ತೆ ಸ್ವಲ್ಪ ಬಲಕ್ಕೆ ಸರಿಸಿ ನೋಡಿದರು. ನೋಟ ಕೂಡಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

"ನೀವಿನ್ನ ಹೋಗ್ರಿ" ಎಂದರು. ಮಣ್ಣಿಗೆ ನಾನು ನಿಲ್ಲಲಿಲ್ಲ.

ಧೊಂಡಿಬಾನಿಗೆ ಇದನ್ನು ಫೋನಿನಲ್ಲಿ ಹೇಳಲು ಮನಸ್ಸಾಗದೆ ಮರುದಿನ ಔರಾದಿನ ಬಸ್ಸು ಹತ್ತಿದೆ. ಧೊಂಡಿಬಾ ಗಡ್ಡ ಬೋಳಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಹೆಂಡತಿ ಪುತಳಾಬಾಯಿ ಕೈಚೀಲ ತುಂಬಿಸಿಟ್ಟಿದ್ದಳು.

"ಕುರಿ ಎಲ್ಲಾ ಅಳಿಯಗ ಒಪ್ಪಿಸೀನ್ರಿ ಬಾಯಿ" ಎಂದ. "ನಾಳಿ ಎಷ್ಟ ಗಂಟಿಗಿ?"

ಈ ಸಲ ಆಗುವುದಿಲ್ಲ ಎಂದೆ.

"ಆ ಮನ್ಯಾಗ ಬ್ಯಾಡ ಅಂದ್ರೇನು?"

ಹೂಂ ಅಂದಿದ್ದರೆ ಸಾಕಿತ್ತು. "ಇಲ್ರಿ ಮಾಮಾ. ಅವರು ಕೊಟ್ಟಿದ್ರು. ನಾ ಅವರಿಗಿ ಸುಳ್ಳು ಹೇಳಿ ತಗೊಂಡಿದ್ದೆ. ತಿರುಗಿ ಕೊಟ್ಟೆ."

ಧೊಂಡಿಬಾ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದ. "ನನ್ನ ಸಲವಾಗಿ ಹೇಳಿದ್ರಿ?"

"ಖರೆ ಹೇಳಲಾಕ ನಾಕ ದಿನ ತಡಾ ಮಾಡಿದ್ರ ನಿಮ್ಮ ಗಂಟೇನು ಹೋಗ್ತಿತ್ತು ಬಾಯಿ?" ಎಂದಳು ಪುತಳಾಬಾಯಿ. "ಹೋದಾಂವಗ ಕಣ್ಣ್ಯಾಕ ಬೇಕಿತ್ತು? ಇದ್ದಾಂವ ಇಲ್ಲಿ ಕುಂತಾನ."

"ಏ, ಸುಮ್ಮಿರು" ಎಂದ ಧೊಂಡಿಬಾ. ಆಕೆ ಕೈಚೀಲ ಎತ್ತಿಕೊಂಡು ಒಳಗೆ ಹೋದಳು.

"ಮತ್ತ ಯಾವಾಗ ಬರ್ತದ್ರಿ?"

"ಗೊತ್ತಿಲ್ರಿ ಮಾಮಾ."

ಅವನು ಜೇಬಿನಿಂದ ಫೋನ್ ತೆಗೆದು ನನ್ನ ಕಡೆ ಚಾಚಿದ. "ಅಳಿಯಂದು ನಂಬರ್ ಹಚ್ಚಿ ಕೊಡ್ರಿ. ಕಾಶೀನಾಥ ಅಂತದ. ಕುರಿ ಹೊಡ್ಕೊಂಡು ಬಾ ಅಂತ ಹೇಳಬೇಕು."

ನಂಬರ್ ಹಚ್ಚಿ ಫೋನನ್ನು ಅವನ ಕೈಯಲ್ಲಿಟ್ಟೆ. ಆ ಕಡೆಯಿಂದ ಯಾರೋ ಎತ್ತಿದರು. ಧೊಂಡಿಬಾ ಕಿವಿಗೆ ಹಿಡಿದುಕೊಂಡು, "ಕಾಶೀನಾಥಾ, ಕುರಿ ಹೊಡ್ಕೊಂಡು ಬಾ" ಎಂದ.